ಹೂಗುಚ್ಛ ತರಬೇಡಿ, ಮರಿಗಿಡ ಒಯ್ಯಿರಿ



ಕಳೆದ ಸೆಪ್ಟೆಂಬರ್ 5ರಂದು ಭದ್ರಾವತಿಯ ನನ್ನ ಹಳೆಯ ವಿದ್ಯಾರ್ಥಿಗಳು ಏಳು ಮಂದಿ ಶಿವಮೊಗ್ಗದ ನಮ್ಮ ಮನೆಗೆ ಬಂದಿದ್ದರು. ಅವರಲ್ಲಿ ಇಬ್ಬರ ತಲೆ ನನ್ನದಕ್ಕಿಂತ ಹೆಚ್ಚು ನರೆತಿತ್ತೆಂಬುದನ್ನು ಕೊಂಚ ಸಂತೋಷದಿಂದಲೇ ದಾಖಲಿಸುತ್ತೇನೆ. ಬಂದವರು ನನಗೊಂದು ಶಾಲು ಹೊದಿಸಿ, ಎರಡು ಕೈಗಳಿಗೂ ಮೀರುವಂತಹ ಒಂದು ಹೂಗುಚ್ಛವನ್ನು ಕೊಟ್ಟು, ಛಾಯಾಚಿತ್ರ ತೆಗೆಸಿಕೊಂಡರು. ಅನಂತರ ಆ ಹೂಗುಚ್ಛ ಖಾಲಿ ಕುರ್ಚಿಯೊಂದರ ಮೇಲೆ ಕುಳಿತಿತು. ಉಪ್ಪಿಟ್ಟು, ಕಾಫಿ, ಹಳೆಯ ನೆನಪುಗಳು ಎಲ್ಲವೂ ಮುಗಿಯುವ ಹೊತ್ತಿಗೆ ಮೂರು ಗಂಟೆ ಕಳೆದಿತ್ತು. ಅವರನ್ನು ಗೇಟಿನವರೆಗೆ ಕಳುಹಿಸಿ ಬಂದಾಗ ನಮ್ಮ ಮನೆಯವರು ಕುರ್ಚಿಯ ಮುಂದೆ ನಿಂತು, "ಇದನ್ನ ಎಲ್ಲಿಡೋದು ಅಂತ ನೀವೇ ಹೇಳಿ" ಎಂದರು.

ನಾನು ಅದನ್ನು ಬಿಚ್ಚತೊಡಗಿದೆ. ಮೊದಲು ಹೊಳೆಯುವ ಪ್ಲಾಸ್ಟಿಕ್ ಹೊದಿಕೆ, ಅದರೊಳಗೆ ಬಲೆಯಂತಹ ಕಾಗದ, ಕೆಂಪು ರಿಬ್ಬನ್, ಅಂಟುಪಟ್ಟಿ, ತೆಳು ತಂತಿ, ಬುಡದಲ್ಲಿ ಆಗಲೇ ಒಣಗಿದ್ದ ಹಸಿರು ಸ್ಪಂಜಿನ ತುಂಡು. ಇಷ್ಟೆಲ್ಲವನ್ನೂ ತೆಗೆದ ಮೇಲೆ ಉಳಿದದ್ದು ಹನ್ನೆರಡು ಜರ್ಬೆರಾ ಹೂಗಳು! ನಾಲ್ಕು ಹೂಗಳ ಕತ್ತು ಆಗಲೇ ಬಾಗಿತ್ತು. ತಪ್ಪು ಮಾಡಿದ ಹುಡುಗರು ಮುಖ್ಯೋಪಾಧ್ಯಾಯರ ಕೊಠಡಿಯ ಮುಂದೆ ನಿಲ್ಲುತ್ತಿದ್ದ ಭಂಗಿಯಲ್ಲೇ ಅವು ನಿಂತಿದ್ದವು.

ಆ ಹನ್ನೆರಡರಲ್ಲಿ ಒಂಬತ್ತನ್ನು ನಾನು ಉಳಿಸಿಕೊಂಡೆ. ಹೇಗೆಂಬುದನ್ನು ಹೇಳುತ್ತೇನೆ, ಏಕೆಂದರೆ ಇದನ್ನು ಓದುವ ನಿಮ್ಮಲ್ಲಿ ಅನೇಕರು ಈಗ ಸನ್ಮಾನ ಮಾಡಿಸಿಕೊಳ್ಳುವ ವಯಸ್ಸಿಗೆ ಬಂದಿದ್ದೀರಿ. ಕತ್ತು ಬಾಗುವುದಕ್ಕೆ ಮುಖ್ಯ ಕಾರಣ ನೀರು ಮೇಲೇರದಿರುವುದು. ದಂಟಿನ ತುದಿಗೆ ಗಾಳಿ ಸೇರಿರುತ್ತದೆ, ಇಲ್ಲವೇ ಬ್ಯಾಕ್ಟೀರಿಯಾಗಳು ಬೆಳೆದು ನೀರಿನ ಕೊಳವೆಗಳನ್ನು ಮುಚ್ಚಿರುತ್ತವೆ. ಹರಿತವಾದ ಚಾಕುವಿನಿಂದ ಒಂದು ಅಂಗುಲದಷ್ಟು ದಂಟನ್ನು ಓರೆಯಾಗಿ ಕತ್ತರಿಸಬೇಕು. ಬಾಗಿದ ಹೂಗಳನ್ನು ಹಳೆಯ ದಿನಪತ್ರಿಕೆಯಲ್ಲಿ ನೇರವಾಗಿ ಸುತ್ತಿ, ಎರಡು ಮೂರು ಗಂಟೆಗಳ ಕಾಲ ನೀರಿನಲ್ಲಿ ನಿಲ್ಲಿಸಬೇಕು. ಬಳಿಕ ಶುಭ್ರವಾದ ಲೋಟದಲ್ಲಿ ಎರಡು ಮೂರು ಅಂಗುಲ ಮಾತ್ರ ನೀರು ಹಾಕಿ ಇಡಬೇಕು. ಜರ್ಬೆರಾದ ದಂಟು ಮೃದುವಾದದ್ದು, ರೋಮಗಳಿಂದ ಕೂಡಿದ್ದು. ಕಂಠಪೂರ್ತಿ ನೀರಿನಲ್ಲಿ ಮುಳುಗಿಸಿದರೆ ಕೊಳೆಯುತ್ತದೆ. ನೀರನ್ನು ದಿನವೂ ಬದಲಾಯಿಸಬೇಕು. ಒಂದು ಲೀಟರ್ ನೀರಿಗೆ ಒಂದು ಚಮಚ ಸಕ್ಕರೆ, ಅರ್ಧ ನಿಂಬೆಯ ರಸ, ನಾಲ್ಕೈದು ಹನಿ ಬ್ಲೀಚ್ ದ್ರಾವಣ ಬೆರೆಸಿದರೆ ಇನ್ನೂ ಒಳ್ಳೆಯದು. ಬರಿಯ ಸಕ್ಕರೆ ಹಾಕಿದರೆ ಹೂವಿಗಿಂತ ಮೊದಲು ಬ್ಯಾಕ್ಟೀರಿಯಾಗಳೇ ಔತಣ ಮಾಡುತ್ತವೆ. ನೀರಿಗೆ ತಾಮ್ರದ ಕಾಸು ಹಾಕಬೇಕೆಂದು ನನ್ನ ಚಿಕ್ಕಮ್ಮ ಹೇಳುತ್ತಿದ್ದರು. ಈಗಿನ ಒಂದು, ಎರಡು ರೂಪಾಯಿಗಳು ಉಕ್ಕಿನವು, ಆದ್ದರಿಂದ ಆ ಪ್ರಯೋಗವನ್ನು ನಾನು ಮಾಡಲಿಲ್ಲ.

ಒಂಬತ್ತು ಹೂಗಳು ಎಂಟು ದಿನ ಇದ್ದವು. ಪ್ಲಾಸ್ಟಿಕ್ ಇನ್ನೂ ಇದೆ, ಎಲ್ಲಿಯೋ ನಗರದ ಕಸದ ರಾಶಿಯಲ್ಲಿ.

2021ರ ಆಗಸ್ಟ್‌ನಲ್ಲಿ ನಮ್ಮ ರಾಜ್ಯ ಸರ್ಕಾರವು ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಹೂಗುಚ್ಛ, ಶಾಲುಗಳನ್ನು ಕೊಡಬಾರದು, ಬೇಕಿದ್ದರೆ ಕನ್ನಡ ಪುಸ್ತಕ ಕೊಡಬಹುದು ಎಂದು ಆದೇಶ ಹೊರಡಿಸಿದ್ದು ನಿಮಗೆ ನೆನಪಿರಬಹುದು. ಮೇಷ್ಟ್ರಾಗಿದ್ದವನಿಗೆ ಪುಸ್ತಕದ ಮಾತು ಹಿಡಿಸದೇ ಇರುತ್ತದೆಯೇ? ಹಿಡಿಸಿತು. ಆದರೆ ಆಗ ಹೂ ಬೆಳೆಗಾರರು ಆಕ್ಷೇಪಿಸಿದ್ದನ್ನೂ ಓದಿದೆ. ಜರ್ಬೆರಾ ಬೆಳೆಯುವವರು ಸಾಲ ಮಾಡಿ, ಸಹಾಯಧನ ಪಡೆದು ಪಾಲಿಹೌಸ್ ಕಟ್ಟಿಕೊಂಡವರು. 2020ರ ಲಾಕ್‌ಡೌನ್‌ನಲ್ಲಿ ಕೊಳ್ಳುವವರಿಲ್ಲದೆ ಹೂವನ್ನು ತಿಪ್ಪೆಗೆ ಸುರಿದವರು. ಅವರ ಅಳಲು ನ್ಯಾಯವಾದದ್ದೇ ಆಗಿತ್ತು. ನಾನು ಹೂವನ್ನು ಕೊಳ್ಳಬೇಡಿ ಎನ್ನುತ್ತಿಲ್ಲ. ಕೊಳ್ಳಿರಿ, ಹತ್ತು ದಂಟುಗಳನ್ನು ಒದ್ದೆ ಕಾಗದದಲ್ಲಿ ಸುತ್ತಿಸಿ ತನ್ನಿರಿ, ತಂದ ಕೂಡಲೇ, ಭಾಷಣಕ್ಕೆ ಮೊದಲೇ, ಚಿತ್ರ ತೆಗೆಯುವುದಕ್ಕೂ ಮೊದಲೇ, ನೀರಿಗಿಡಿ. ಬೆಳೆಗಾರನ ಕಾಸು ಬೆಳೆಗಾರನಿಗೆ ಸೇರುತ್ತದೆ, ಹೂವಿಗೆ ಅದರ ಆಯುಷ್ಯ ಸಿಗುತ್ತದೆ. ಐದು ನಿಮಿಷದ ಚಿತ್ರಕ್ಕಾಗಿ ಒಂದು ಹೂವನ್ನು ಬಲಿ ಕೊಡುವುದು ನನಗೆ ಸರಿಕಾಣದು.

ಇದಕ್ಕೆ ತದ್ವಿರುದ್ಧವಾದ ವಾದವೂ ಒಂದಿದೆ. ಭದ್ರಾವತಿಯ ಜನ್ನಾಪುರದಲ್ಲಿರುವ ನನ್ನ ಸೋದರಮಾವನ ಮಗ, "ಭಾವ, ಹೂವು ಗಿಡದಲ್ಲೇ ಚೆಂದ. ಕೀಳೋದೇ ತಪ್ಪು" ಎನ್ನುತ್ತಾನೆ. ಒಳ್ಳೆಯ ಮನಸ್ಸಿನವನು. ಅವನ ಅಂಗಳದಲ್ಲಿ ಹೂವು ಗಿಡದಲ್ಲೇ ಒಣಗಿ, ಕಪ್ಪಾಗಿ, ಮಳೆಯಲ್ಲಿ ನೆನೆದು ಬೂಷ್ಟು ಹಿಡಿಯುತ್ತದೆ. ಮರುವರ್ಷ ಗಿಡವೂ ಇರುವುದಿಲ್ಲ. ಈ ಕರುಣೆಯನ್ನು ನಾನೂ ಬಹುಕಾಲ ನಂಬಿದ್ದೆ. ಅದರಿಂದ ನಾನೊಂದು ಅನ್ಯಾಯವನ್ನೂ ಮಾಡಿದ್ದೇನೆ. ಅದನ್ನು ಹೇಳುವ ಮುನ್ನ ಹೂವಿನ ಕುಲಗೋತ್ರವನ್ನು ಸ್ವಲ್ಪ ಹೇಳಬೇಕು.

ನನ್ನ ಮೊಮ್ಮಗಳು ಬೆಂಗಳೂರಿನ ಶಾಲೆಯಲ್ಲಿ ಕಲಿಯುತ್ತಿದ್ದಾಳೆ. ಒಮ್ಮೆ ಫೋನಿನಲ್ಲಿ, "ಅಜ್ಜಾ, ಡೇಸಿ ಅಂದ್ರೆ ಯಾವ ಹೂವು?" ಎಂದು ಕೇಳಿದಳು. ನಾವು ಓದುವಾಗಲೂ ಇಂಗ್ಲಿಷ್ ಪಠ್ಯದಲ್ಲಿ ಈ ಹೂವು ಬರುತ್ತಿತ್ತು. ನಮ್ಮ ಮೇಷ್ಟ್ರು "ಒಂದು ಜಾತಿಯ ಹೂವು" ಎಂದು ಬರೆಸಿ ಮುಂದಿನ ಸಾಲಿಗೆ ಹೋಗುತ್ತಿದ್ದರು. ಆ ಹೆಸರಿನ ಮೂಲ ಹಳೆಯ ಇಂಗ್ಲಿಷಿನ 'ಹಗಲಿನ ಕಣ್ಣು' ಎಂಬ ಮಾತು. ಬೆಳಗ್ಗೆ ಅರಳಿ ಸಂಜೆ ಮುಚ್ಚಿಕೊಳ್ಳುವ, ಯುರೋಪಿನ ಹುಲ್ಲುಹಾಸುಗಳಲ್ಲಿ ತಾನಾಗಿಯೇ ಬೆಳೆಯುವ ಪುಟ್ಟ ಹೂವದು. ದೊಡ್ಡ ಬಿಳಿ ಎಸಳುಗಳ ಶಾಸ್ತಾ ಡೇಸಿಯನ್ನು ಅಮೆರಿಕದ ಲೂಥರ್ ಬರ್ಬ್ಯಾಂಕ್ ವರ್ಷಗಟ್ಟಲೆ ತಳಿಗಳನ್ನು ಬೆರೆಸಿ 1901ರಲ್ಲಿ ಹೊರತಂದ. ಅದು ತಂಪು ಬಯಸುವ ಗಿಡ. ನಮ್ಮ ಏಪ್ರಿಲ್ ಬಿಸಿಲಿಗೆ ಸೊರಗುತ್ತದೆ. ಮೊಮ್ಮಗಳಿಗೆ ನಾನು ಹೇಳಿದ್ದಿಷ್ಟು: "ಪುಟ್ಟೀ, ಡೇಸಿ ಅಂದ್ರೆ ನಮ್ಮ ಸೇವಂತಿಗೆಯ ಚಿಕ್ಕಮ್ಮನ ಮಗಳು."

ಸೇವಂತಿಗೆ, ಆಸ್ಟರ್, ಜರ್ಬೆರಾ, ಡೇರೆ, ಚೆಂಡು ಹೂ, ಸೂರ್ಯಕಾಂತಿ ಎಲ್ಲವೂ ಒಂದೇ ಕುಟುಂಬ. ನಾವು ಒಂದು ಹೂವೆಂದು ಕರೆಯುವುದು ನಿಜವಾಗಿ ನೂರಾರು ಕಿರುಹೂಗಳ ಒಂದು ಸಂತೆ. ಅಂಚಿನಲ್ಲಿ ಎಸಳಿನಂತೆ ಕಾಣುವ ಒಂದೊಂದೂ ಒಂದು ಹೂವು; ನಡುವಣ ತಟ್ಟೆಯಲ್ಲಿರುವ ಪ್ರತಿ ಚುಕ್ಕೆಯೂ ಒಂದು ಹೂವು. ತಟ್ಟೆಯ ಹೂಗಳು ಹೊರಗಿನಿಂದ ಒಳಗೆ ಸುತ್ತುಸುತ್ತಾಗಿ ಅರಳುತ್ತವೆ. ಹೊರಗಿನ ಎರಡು ಸುತ್ತು ಅರಳಿ ಪರಾಗ ಕಂಡಾಗ ಜರ್ಬೆರಾ ಕೊಯ್ಲಿಗೆ ಬಂದಿದೆಯೆಂದು ಅರ್ಥ. ನಮ್ಮ ಹೊಲಗದ್ದೆಗಳನ್ನು ಆಕ್ರಮಿಸಿರುವ ಕಾಂಗ್ರೆಸ್ ಗಿಡ, ಮಲೆನಾಡಿಗರು ಕಮ್ಯುನಿಸ್ಟ್ ಗಿಡ ಎನ್ನುವ ಯುಪಟೋರಿಯಂ ಕೂಡ ಇದೇ ಕುಟುಂಬದವು. ಬಂಧುಗಳು ಓದುವ ಪುಟವಿದು, ಕುಟುಂಬಗಳ ವಿಷಯ ಹೆಚ್ಚು ವಿಸ್ತರಿಸುವುದಿಲ್ಲ.

ಈಗ ಆ ಅನ್ಯಾಯದ ವಿಷಯ.

1991ರಲ್ಲಿ ನಾನು ಭದ್ರಾವತಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಅಧ್ಯಾಪಕ. ಆಗಿನ ಭದ್ರಾವತಿಯೆಂದರೆ ತೋಟಗಳ ಊರು ಕೂಡ. 1923ರಲ್ಲಿ ಉತ್ಪಾದನೆ ತೊಡಗಿದ ಕಬ್ಬಿಣದ ಕಾರ್ಖಾನೆಯ ನ್ಯೂಟೌನ್, ಇತ್ತ ಕಾಗದ ಕಾರ್ಖಾನೆಯ ಪೇಪರ್‌ಟೌನ್. ಎರಡೂ ಕಡೆ ಕ್ವಾರ್ಟರ್ಸ್‌ಗಳ ಮುಂದೆ ಬೇಲಿ, ಬೇಲಿಯೊಳಗೆ ಡೇರೆ, ಸೇವಂತಿಗೆ, ಗುಲಾಬಿ. ಪಾಳಿ ಮುಗಿಸಿ ಬಂದವರು ಬನಿಯನ್ನಿನಲ್ಲೇ ಗಿಡಗಳಿಗೆ ನೀರು ಹಾಕುತ್ತಿದ್ದ ದೃಶ್ಯ ನಿಮಗೂ ನೆನಪಿರಬೇಕು. ಕಾಗದ ಕಾರ್ಖಾನೆಯ ಯಂತ್ರಗಳು ನಿಂತ ಮೇಲೆ ಆ ಅಂಗಳಗಳ ಕಡೆಗೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಇರಲಿ.

ನಮ್ಮ ಶಾಲೆಯ ಮುಂದೆಯೂ ಒಂದು ಸೇವಂತಿಗೆಯ ಪಾತಿಯಿತ್ತು. ಹಳದಿ ಹೂವಿನ ಮೂವತ್ತು ಗಿಡಗಳು. ಉಸ್ತುವಾರಿ ನನ್ನದು. 'ಹೂ ಕೀಳಬಾರದು' ಎಂಬ ಫಲಕವನ್ನು ನಾನೇ ಸ್ವಹಸ್ತದಿಂದ ಬರೆದು ನೆಟ್ಟಿದ್ದೆ. ಜುಲೈ ತಿಂಗಳ ಕೊನೆಯ ವಾರ, ಮಳೆ ಒಂದಿಷ್ಟು ಬಿಡುವು ಕೊಟ್ಟಿದ್ದ ಬೆಳಗು. ಪ್ರಾರ್ಥನೆಗೆ ಮೊದಲೇ ಬಂದವನು ನೋಡುತ್ತೇನೆ: ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪಾತಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದಾಳೆ. ಲಂಗದ ಮಡಿಲಲ್ಲಿ ಎಳೆಯ ಹಸಿರು ಕುಡಿಗಳ ರಾಶಿ. ಮೂವತ್ತು ಗಿಡಗಳ ಪೈಕಿ ಒಂದಕ್ಕೂ ತುದಿಯಿಲ್ಲ!

"ಏನೇ ಮಾಡ್ತಿದ್ದೀಯಾ?" ಎಂದು ಗದರಿದೆ. ಅವಳು ಎದ್ದು ನಿಂತು, "ಕುಡಿ ಚಿವುಟಿದೆ ಸಾರ್. ಅಮ್ಮ ಹೇಳಿದ್ರು. ಚಿವುಟದೇ ಇದ್ರೆ ಒಂದೇ ಕೋಲು ಹೋಗುತ್ತೆ ಸಾರ್..." ಎನ್ನತೊಡಗಿದಳು. ಅವಳ ತಾಯಿ ಬಸ್ ನಿಲ್ದಾಣದ ಬಳಿ ಹೂ ಕಟ್ಟಿ ಮಾರುತ್ತಿದ್ದವರು. ಊರಾಚೆ ಒಂದು ತುಂಡು ನೆಲದಲ್ಲಿ ಸೇವಂತಿಗೆ ಬೆಳೆಯುತ್ತಿದ್ದರಂತೆ. ಇದು ನನಗೆ ತಿಳಿದದ್ದು ಆಮೇಲೆ. ಆಗ ನಾನು ಅವಳ ಮಾತನ್ನು ಪೂರ್ಣವಾಗಿ ಕೇಳಲಿಲ್ಲ. ಕೈ ಚಾಚಲು ಹೇಳಿ ಅಡಿಕೋಲಿನಿಂದ ಎರಡು ಏಟು ಕೊಟ್ಟೆ. ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ, ಶಾಲೆಯ ಆಸ್ತಿಯನ್ನು ಹಾಳುಗೆಡವುವವರ ಬಗ್ಗೆ ಒಂದು ಉಪನ್ಯಾಸವನ್ನೂ ಮಾಡಿದೆ. ಅವಳು ಅಳಲಿಲ್ಲ. ಮಡಿಲಿನ ಕುಡಿಗಳನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಲಂಗವನ್ನು ಹಿಡಿದುಕೊಂಡೇ ನಿಂತಿದ್ದಳು.

ಸಸ್ಯದ ತುದಿಯ ಮೊಗ್ಗಿನಲ್ಲಿ ಆಕ್ಸಿನ್ ಎಂಬ ಹಾರ್ಮೋನು ಉತ್ಪತ್ತಿಯಾಗಿ ಪಕ್ಕದ ಮೊಗ್ಗುಗಳನ್ನು ತಡೆಹಿಡಿಯುತ್ತದೆ. ತುದಿಯನ್ನು ತೆಗೆದರೆ ಪಕ್ಕದ ಮೊಗ್ಗುಗಳು ಕವಲೊಡೆಯುತ್ತವೆ. ಇದನ್ನು ಹತ್ತನೆಯ ತರಗತಿಗೆ ಪ್ರತಿ ವರ್ಷ ಬರೆಸುತ್ತಿದ್ದವನು ನಾನೇ. ಎರಡು ಅಂಕಗಳ ಪ್ರಶ್ನೆ! ಬಿ.ಎಸ್ಸಿ., ಬಿ.ಎಡ್. ಆದ ನನಗೆ ಅದು ಪಾಠವಾಗಿತ್ತು, ಆ ಮಗುವಿಗೆ ಅದು ಕೈಕೆಲಸವಾಗಿತ್ತು. ಅವೆರಡೂ ಒಂದೇ ಎಂದು ಆ ಬೆಳಗ್ಗೆ ನನಗೆ ಹೊಳೆಯಲೇ ಇಲ್ಲ.

ದೀಪಾವಳಿಯ ಹೊತ್ತಿಗೆ ಆ ಪಾತಿ ಹೇಗಿತ್ತೆಂದು ಏನು ಹೇಳಲಿ! ಹಿಂದಿನ ವರ್ಷ ಉದ್ದಕ್ಕೆ ಬೆಳೆದು, ಕೋಲು ಕಟ್ಟಿದರೂ ನಿಲ್ಲದೆ ಕೆಸರಿಗೆ ಬಿದ್ದಿದ್ದ ಗಿಡಗಳು ಈಗ ಮೊಣಕಾಲೆತ್ತರಕ್ಕೆ ಬುಟ್ಟಿಯಂತೆ ಹರಡಿದ್ದವು. ಎಲೆ ಕಾಣದಷ್ಟು ಹೂವು. ಮುಖ್ಯೋಪಾಧ್ಯಾಯರು ಸಿಬ್ಬಂದಿಯೆಲ್ಲರ ಮುಂದೆ ನನ್ನ ತೋಟಗಾರಿಕೆಯನ್ನು ಹೊಗಳಿದರು. ರಾಜ್ಯೋತ್ಸವಕ್ಕೆ ಬಂದಿದ್ದ ಅತಿಥಿಗಳೂ ಹೊಗಳಿದರು. ನಾನು ಕೈಮುಗಿದೆ. ಅವಳು ಹುಡುಗಿಯರ ಸಾಲಿನಲ್ಲಿ ಮೂರನೆಯವಳಾಗಿ ನಿಂತಿದ್ದಳು, ನನ್ನನ್ನೇ ನೋಡುತ್ತಿದ್ದಳು. ಎರಡು ಮಾತು ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಬೇರೊಂದಿರಲಿಲ್ಲ. ನಾನು ಹೇಳಲಿಲ್ಲ.

ಸಂಕ್ರಾಂತಿಯ ನಂತರ ಅವಳು ಶಾಲೆಗೆ ಬರಲಿಲ್ಲ. ಮನೆಯ ಕಷ್ಟವೆಂದು ಸಹಪಾಠಿಗಳು ಹೇಳಿದರು. ಅದು ನಿಜವೇ ಇರಬಹುದು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರು ಎಂದು ಬರೆಯುತ್ತಾ ಹೋದೆನೇ ಹೊರತು, ಬಸ್ ನಿಲ್ದಾಣದವರೆಗೆ ಹೋಗಿ ವಿಚಾರಿಸಲಿಲ್ಲ.

ಅಂದಿನಿಂದ ನಾನು ಕುಡಿ ಚಿವುಟುತ್ತೇನೆ. ಜೂನ್ ಕೊನೆಯಲ್ಲಿ ನೆಟ್ಟ ಗಿಡಕ್ಕೆ ಒಂದು ತಿಂಗಳಾದಾಗ ಮೊದಲ ಬಾರಿ, ಕವಲುಗಳು ಬಲಿತ ಮೇಲೆ ಆಗಸ್ಟ್‌ನಲ್ಲಿ ಇನ್ನೊಮ್ಮೆ. ಅದರಾಚೆ ಚಿವುಟಿದರೆ ಮೊಗ್ಗೇ ಹೋದೀತು. ನಮ್ಮ ಕಡೆ ಸೇವಂತಿಗೆಗೆ ಮುಖ್ಯ ಶತ್ರು ಮಳೆಗಾಲದಲ್ಲಿ ಬುಡದಲ್ಲಿ ನಿಲ್ಲುವ ನೀರು. ಸೂರಿನ ನೀರು ಬೀಳುವ ಕಡೆ ಎಂದೂ ನೆಡಬೇಡಿ. ಪಾತಿಯನ್ನು ಗೇಣೆತ್ತರ ಏರಿಸಿ, ಕೊಟ್ಟಿಗೆ ಗೊಬ್ಬರ ಬೆರೆಸಿ. ಎಳೆಯ ಕುಡಿಗಳಿಗೆ ಕಪ್ಪು ಹೇನು ಮುತ್ತಿದರೆ ಬೇವಿನ ಎಣ್ಣೆಯನ್ನು ಸೋಪಿನ ನೀರಿನಲ್ಲಿ ಕದಡಿ ಸಂಜೆ ಸಿಂಪಡಿಸಿ. ಇನ್ನೊಂದು ವಿಚಿತ್ರ: ಈ ಗಿಡ ಮೊಗ್ಗು ಕಟ್ಟುವುದು ರಾತ್ರಿ ದೀರ್ಘವಾದಾಗ. ನಮ್ಮ ಬೀದಿಗೆ ಎಲ್‌ಇಡಿ ದೀಪ ಬಂದ ವರ್ಷ ಗೇಟಿನ ಪಕ್ಕದ ಎರಡು ಕುಂಡಗಳು ಡಿಸೆಂಬರ್ ಬಂದರೂ ಮೊಗ್ಗೊಡೆಯಲಿಲ್ಲ. ಗೊಬ್ಬರ ಹಾಕಿದೆ, ನೀರು ಕಡಿಮೆ ಮಾಡಿದೆ, ನಮ್ಮ ಮನೆಯವರಿಂದ ಬೈಸಿಕೊಂಡೆ. ಕಡೆಗೆ ಹಿತ್ತಲಿನ ಕತ್ತಲೆಗೆ ಒಯ್ದಿಟ್ಟ ಮೇಲೆ ಹೂ ಬಿಟ್ಟವು. ಪಾಪ, ಅವುಗಳಿಗೆ ರಾತ್ರಿಯೇ ಆಗಿರಲಿಲ್ಲ.

ಹೂವನ್ನೂ ಕೊಯ್ಯುತ್ತೇನೆ, ಹಿಂಜರಿಯದೆ. ಬೆಳಗಿನ ತಂಪಿನಲ್ಲಿ, ದಂಟು ಸಮೇತ, ನೀರಿನ ಚೊಂಬನ್ನು ಪಕ್ಕದಲ್ಲೇ ಇಟ್ಟುಕೊಂಡು. ನೀರಿನಲ್ಲಿ ಮುಳುಗುವ ಎಲೆಗಳನ್ನೆಲ್ಲ ತೆಗೆದರೆ, ದಿನ ಬಿಟ್ಟು ದಿನ ದಂಟಿನ ತುದಿ ಕತ್ತರಿಸಿ ನೀರು ಬದಲಾಯಿಸಿದರೆ ಸೇವಂತಿಗೆ ಎರಡು ವಾರ ನಗುತ್ತಿರುತ್ತದೆ. ತುದಿಯ ಹೂವು ಹೋದ ಮೇಲೆ ಗಿಡದ ಪಕ್ಕದ ಮೊಗ್ಗುಗಳು ಮುಂದೆ ಬರುತ್ತವೆ. ಜರ್ಬೆರಾ ಬೆಳೆಸಿದ್ದರೆ ಅದಕ್ಕೆ ಕತ್ತರಿ ತಾಗಿಸಬೇಡಿ. ದಂಟನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ಓರೆಯಾಗಿ ತಿರುಚಿ ಕೀಳಬೇಕು. ಮೋಟು ಉಳಿದರೆ ಕೊಳೆತು ಗಿಡದ ನೆತ್ತಿಯವರೆಗೆ ರೋಗ ಇಳಿಯುತ್ತದೆ. ಆ ನೆತ್ತಿಯನ್ನು ಮಣ್ಣಿನಲ್ಲಿ ಹೂಳಲೂ ಬಾರದು. ಬೀಜದಿಂದ ಬೆಳೆಸುವ ಆಸೆಯುಳ್ಳವರು ಆಸ್ಟರ್ ಹಾಕಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಕಾಮಿನಿ, ಪೂರ್ಣಿಮಾ, ಶಶಾಂಕ್ ಎಂಬ ತಳಿಗಳಿವೆ. ಅದು ಒಂದೇ ಋತುವಿನ ಗಿಡ, ಆದ್ದರಿಂದ ಹೂವಿನ ಜೊತೆ ಗಿಡವೂ ಹೋಗುತ್ತದೆ.

ಗಾಂಧಿ ಬಜಾರಿನಲ್ಲಿ ದೀಪಾವಳಿಯ ಹಿಂದಿನ ದಿನ ಸೇವಂತಿಗೆಯ ಮಾರಿಗೆ ಚೌಕಾಸಿ ಮಾಡುವವರನ್ನು ಕಂಡಾಗ ನನಗೆ ಹೂ ಕಟ್ಟುವ ಹೆಂಗಸಿನ ಬೆರಳುಗಳ ಕಡೆಗೇ ದೃಷ್ಟಿ ಹೋಗುತ್ತದೆ. ನಾನು ಚೌಕಾಸಿ ಮಾಡುವುದಿಲ್ಲ. ನಮ್ಮ ಮನೆಯವರು ಮಾಡುತ್ತಾರೆ, ಅದು ಬೇರೆ ವಿಷಯ.

1998ರಲ್ಲಿ ಶಿವಮೊಗ್ಗಕ್ಕೆ ವರ್ಗವಾಗಿ ಬರುವಾಗ ಆ ಶಾಲೆಯ ಪಾತಿಯಿಂದ ನಾಲ್ಕು ಮರಿಗಳನ್ನು ಕಿತ್ತು ಒದ್ದೆ ಗೋಣಿಯಲ್ಲಿ ಸುತ್ತಿ ತಂದಿದ್ದೆ. ಇಂದು ನಮ್ಮ ಹಿತ್ತಲಿನಲ್ಲಿರುವ ಹಳದಿ ಸೇವಂತಿಗೆಗಳೆಲ್ಲ ಅವುಗಳ ಮರಿಗಳ ಮರಿಗಳು. ಬುಡದಿಂದೆದ್ದ ಮರಿಯಿಂದ ಬೆಳೆದ ಗಿಡ ಹೊಸ ಗಿಡವಲ್ಲ, ತಾಯಿಗಿಡವೇ ಎಂದು ನಿಮಗೆಲ್ಲ ಪಾಠ ಮಾಡಿದ್ದೇನೆ. ಹಾಗಾಗಿ ಅವಳು ಕುಡಿ ಚಿವುಟಿದ ಗಿಡಗಳೇ ಇವು.

ಈ ಬಾರಿ ಜನವರಿಯ ಕೊನೆಗೆ ಹೂವು ಮುಗಿದ ಗಿಡಗಳನ್ನು ಗೇಣುದ್ದಕ್ಕೆ ಕತ್ತರಿಸಿದೆ. ಈಗ ಫೆಬ್ರವರಿಯಲ್ಲಿ ಬುಡದ ಸುತ್ತ ಮರಿಗಳು ಎದ್ದಿವೆ. ಇಪ್ಪತ್ತಮೂರನ್ನು ಬೇರುಸಮೇತ ಬಿಡಿಸಿ ಹಾಲಿನ ಖಾಲಿ ಪೊಟ್ಟಣಗಳಲ್ಲಿ ನೆಟ್ಟು ನೆರಳಿನಲ್ಲಿ ಸಾಲಾಗಿ ಇಟ್ಟಿದ್ದೇನೆ. (ಅದೂ ಪ್ಲಾಸ್ಟಿಕ್ ಅಲ್ಲವೇ ಎಂದು ಕೇಳುವವರು ತೆಂಗಿನ ಚಿಪ್ಪು ತನ್ನಿರಿ, ಬದಲಾಯಿಸಿ ಕೊಡುತ್ತೇನೆ.) ಶಿವಮೊಗ್ಗದ ಕಡೆ ಬಂದವರು ಬರಿಗೈಯಲ್ಲೇ ಬನ್ನಿ, ಹೋಗುವಾಗ ಒಂದೊಂದು ಒಯ್ಯಿರಿ. ಬೇಸಿಗೆ ದಾಟುವವರೆಗೆ ಬೆಳಗಿನ ಬಿಸಿಲು ಮಾತ್ರ ಸಾಕು, ಮಣ್ಣು ಒಣಗಿದಾಗ ಮಾತ್ರ ನೀರು.

ಇಪ್ಪತ್ತೆರಡು ಮರಿಗಳು ನಿಮಗೆ. ಒಂದನ್ನು ತೆಗೆದಿರಿಸಿದ್ದೇನೆ. 1991ರಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದವರಿಗೆ ನಾನು ಯಾರ ಮಾತು ಹೇಳುತ್ತಿದ್ದೇನೆಂದು ತಿಳಿದಿರುತ್ತದೆ. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈಗ ಎಲ್ಲಿದ್ದಾಳೆಂದು ಗೊತ್ತಿರುವವರು ದಯವಿಟ್ಟು ನನಗೊಂದು ಫೋನು ಮಾಡಿ. ಭದ್ರಾವತಿಯಾದರೆ ನಾನೇ ಬಸ್ಸಿನಲ್ಲಿ ಹೋಗಿ ಕೊಟ್ಟು ಬರುತ್ತೇನೆ.